ಸಮುದ್ರಕ್ಕೆ ಹಿಡಿದ ಎಳೆ

ಫ್ರಾನ್ಸಿನ ನೀಸ್ ನಗರದ ಕಡಲ ದಂಡೆಯಲ್ಲಿ ಆ ಬೆಳಿಗ್ಗೆ ನಾವು ಮೂವರಿದ್ದೆವು: ಮೊಳಕಾಲ್ಮುರಿನ ಹಿರಿಯ ರೇಷ್ಮೆ ನೇಕಾರರೊಬ್ಬರು, ಚಳ್ಳಕೆರೆಯ ಕಂಬಳಿ ನೇಯುವ ಗೆಳೆಯ, ಅವರ ಮಾತನ್ನು ಫ್ರೆಂಚಿಗೆ ದಾಟಿಸಲು ನಾನು. ನಾವು ಬಂದಿದ್ದ ಕೈಮಗ್ಗದ ಪ್ರದರ್ಶನ ಮುಗಿದಿತ್ತು. ಊರು ಸುತ್ತಲು ಅದೊಂದೇ ದಿನ.

ರೇಷ್ಮೆ ನೇಕಾರರಿಗೆ ಊರು ಬೇಕಿರಲಿಲ್ಲ. ನಲವತ್ತು ವರ್ಷ ಅವರಿಗೆ ನೂಲು ಸುತ್ತಿಕೊಟ್ಟ ಹೆಂಡತಿ ಹೊರಡುವಾಗ ಕೇಳಿದ್ದರಂತೆ: "ನಾನಂತೂ ಸಮುದ್ರ ಕಂಡಿಲ್ಲ. ಆ ಬಣ್ಣದ್ದೊಂದು ಸೀರೆ ನೇಯ್ಕೊಡ್ರಿ." ಅಷ್ಟು ವರ್ಷ ನೇಯ್ದದ್ದೆಲ್ಲ ಅಂಗಡಿಗೇ ಹೋಗಿತ್ತು.

ಹಾಗಾಗಿ ಅವರ ಜೇಬಿನ ತುಂಬ ಬಣ್ಣಬಣ್ಣದ ರೇಷ್ಮೆ ಎಳೆಗಳು. ಹತ್ತು ಹೆಜ್ಜೆಗೊಮ್ಮೆ ನಿಂತು, ಎಳೆಯನ್ನು ಬೆರಳುಗಳ ನಡುವೆ ಬಿಗಿಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ ನೀರಿಗೆ ತಾಳೆ ನೋಡುವರು. "ತಡೀರಿ, ಕಣ್ಣಿಗೆ ಇನ್ನೂ ಒಪ್ಪಿಲ್ಲ." ಬೆಳಿಗ್ಗೆ ಒಪ್ಪಿದ ಹಸಿರು, ಹಳೇ ಪೇಟೆಯ ಓಣಿ ದಾಟಿ ಗುಡ್ಡ ಹತ್ತುವಷ್ಟರಲ್ಲಿ ಸುಳ್ಳಾಯಿತು. ಮೇಲಿಂದ ಬರೀ ನೀಲಿ.

"ಅಣ್ಣ, ಕರಿಕುರಿ ಬಣ್ಣಾನೇ ಮೇಲು. ಎಲ್ಲಿ ನಿಂತು ನೋಡಿದ್ರೂ ಕರೀದೇ" ಎಂದ ಗೆಳೆಯ.

"ನಿನ್ನ ಕಂಬಳಿ ಉಟ್ಕಂಡು ಮದುವೆ ಮನೆಗೆ ಹೋಗ್ತಾಳೇನ್ಲೇ ನಿಮ್ಮತ್ತಿಗೆ?"

ಸಂಜೆಗೆ ನಮ್ಮ ಕಾಲುಗಳು ಸೋತಿದ್ದವು, ಅವರ ಮುಖ ಬಾಡಿತ್ತು. "ಇದು ಒಂದು ಬಣ್ಣದಾಗೆ ನಿಲ್ಲಲ್ಲ ಕಣಪ್ಪಾ. ಆಕೆಗೆ ಏನಂತ ಹೇಳ್ಲಿ?"

ಊರಿಗೆ ಬಂದ ತಿಂಗಳಲ್ಲಿ ಅವರು ಉದ್ದದೆಳೆಗೆ ಹಸಿರು, ಅಡ್ಡದೆಳೆಗೆ ನೀಲಿ ಹಾಕಿ ಸೀರೆ ನೇಯ್ದರು. ಅತ್ತಿಗೆ ಅದನ್ನುಟ್ಟು ಬೀದಿಯ ಆ ತುದಿಯಿಂದ ಈ ತುದಿಗೆ ನಡೆದರು. ಬೆಳಕಿಗೆ ಹೊರಳಿದಂತೆ ಒಮ್ಮೆ ಹಸಿರು, ಒಮ್ಮೆ ನೀಲಿ, ಹೆಜ್ಜೆಗೊಂದು ಬಣ್ಣ. ನೇಕಾರರು ಮಗ್ಗ ನಿಲ್ಲಿಸಿ, ಜಗುಲಿಯಲ್ಲಿ ಕೂತು ನೋಡಿದರು.