ಜಯದೇವಿಯ ಕೈ ದಾಟದ ಜ್ವರ

ಅಮೆರಿಕದ ಕ್ಯಾಂಟನ್‌ನಲ್ಲಿ ಶನಿವಾರ ಬೆಳಗಿನ ಆರೂವರೆ. ಹೊರಗೆ ಹದಿನಾಲ್ಕು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ವೃದ್ಧರ ಆರೈಕೆ ಮನೆಯಲ್ಲಿ ನರ್ಸ್ ಜಯದೇವಿ ಕೈ ತೊಳೆದು ಮೊದಲ ಬಾಗಿಲು ತಟ್ಟುತ್ತಾರೆ. ಅವರ ಪಾಲಿಗೆ ಇಪ್ಪತ್ತೆರಡು ಮಂದಿ. ಕಡೆಯ ಕೋಣೆಯಲ್ಲಿ ಎಂಬತ್ತೆಂಟರ ತಾಯಮ್ಮ ಮುನಿಸಿಕೊಂಡು ಕೂತಿದ್ದಾರೆ.

"ಮೊದಲು ನೀನು ಕಾಫಿಗೆ ಮುಂಚೆ ಬರ್ತಿದ್ದೆ. ಈಗ ನಾನು ನಿನಗೆ ಬೇಡವಾದೆನೇನಮ್ಮ?"

"ಕೆಮ್ಮು ಬಿಡ್ರಿ ಅಮ್ಮಾರ, ನಾಳೆಯಿಂದ ನಿಮ್ಮದ ಮೊದಲ ಪಾಳಿ."

ಹೋದ ಚಳಿಗಾಲದ ಫ್ಲೂ ಇಲ್ಲಿನ ಮೂವರನ್ನು ಒಯ್ದಿತ್ತು. ಆಮೇಲೆ ವಿಶ್ವವಿದ್ಯಾಲಯವೊಂದರ ಸಂಶೋಧಕರು ಬಂದು ನರ್ಸುಗಳ ಅಂಗಿಗೆ ಗುಂಡಿಯಷ್ಟು ಚಿಕ್ಕ ಯಂತ್ರ ಸಿಕ್ಕಿಸಿದರು. ಯಾರು ಯಾರ ಹತ್ತಿರ ಎಷ್ಟು ಸಲ ಹೋದರೆಂದು ಅದು ಎಣಿಸುತ್ತದೆ. ಉಳಿದವರದು ದಿನಕ್ಕೆ ತೊಂಬತ್ತರ ಆಸುಪಾಸು. ಜಯದೇವಿಯವರದು ನೂರ ಅರವತ್ತಮೂರು.

"ಅಕ್ಕಾ, ಎಲೆಕ್ಷನ್‌ಗೆ ನಿಂತ್ಬಿಡಿ" ಎಂದು ಜೊತೆಯ ನರ್ಸ್ ಸ್ಮಿತಾ ಕಿಚಾಯಿಸಿದರು. ಆದರೆ ಸಂಶೋಧಕರು ಮೆಲ್ಲಗೆ ಹೇಳಿದ್ದು ಬೇರೆ: ಇಲ್ಲಿಗೆ ಜ್ವರ ಹೊಕ್ಕರೆ ಹೆಚ್ಚು ಮಂದಿಗೆ ಮುಟ್ಟುವುದು ಇವರ ಮೂಲಕವೇ. ಔಷಧಿ ಕೊಡುವಾಗ ಕೈಗವಸು ಇರುತ್ತಿತ್ತು, ನಿಜ. ಹೊರಡುವಾಗ ಮಾತ್ರ ಅದನ್ನು ಕಳಚಿ, ಬರಿಗೈಯಲ್ಲಿ ಹಿರಿಯರ ಕೆನ್ನೆ ಸವರಿ, ತಮ್ಮ ಕಣತಲೆಗೊತ್ತಿ ನೆಟಿಗೆ ಮುರಿಯುತ್ತಿದ್ದರು. ದೃಷ್ಟಿ ತೆಗೆಯುವ ಅಕ್ಕರೆ. ಹಾಸಿಗೆಯಿಂದ ಹಾಸಿಗೆಗೆ, ಅದೇ ಕೈ.

ಜಯದೇವಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಹುನಗುಂದದ ಕಡೆಯ ತವರಿನ ದನದ ಕೊಟ್ಟಿಗೆ ನೆನಪಾಯಿತು. "ಕಾಲುಬಾಯಿ ಬ್ಯಾನಿ ಬಂದಾಗ ನಮ್ಮಪ್ಪ ಗಟ್ಟಿ ಇದ್ದ ದನಕ್ಕ ಮೊದಲ ಮೇವು ಹಾಕಿ, ಬ್ಯಾನಿ ಬಿದ್ದ ದನದ ಕಡೆ ಕಡೀಕ ಹೋಗ್ತಿದ್ದ. ಬಕೀಟೂ ಬ್ಯಾರೆ. ನಾ ಇಷ್ಟು ಓದಿ ಅದನ್ನ ಮರ್ತಿದ್ದೆ."

ಅಂದಿನಿಂದ ಕೆಮ್ಮಿದವರ ಸರದಿ ಕಡೆಗೆ. ನೆಟಿಗೆ ಈಗ ಬಾಗಿಲಲ್ಲೇ ನಿಂತು, ಗಾಳಿಯಲ್ಲಿ.

ಹತ್ತು ದಿನದ ಹಿಂದೆ ತಾಯಮ್ಮನವರಿಗೆ ಫ್ಲೂ ಬಂತು. ಇನ್ನೊಬ್ಬರಿಗೆ ಹರಡಿದರೆ ಹೊರಗಿನವರಿಗೆ ಬಾಗಿಲು ಬಂದ್. ಈ ಶನಿವಾರವೋ ಅವರ ಮೊಮ್ಮಗಳು ಜಾನ್ವಿ ಬರುವ ದಿನ. ಮದುವೆ ಶಾಮ್‌ಬರ್ಗ್‌ನಲ್ಲಿ, ಅಷ್ಟು ದೂರ ಪ್ರಯಾಣ ಮಾಡಲಾರದ ಅಜ್ಜಿಯ ಎದುರು ಧಾರೆಸೀರೆ ಉಟ್ಟು ನಿಲ್ಲಬೇಕೆಂದು ಅವಳ ಆಸೆ.

ತಾಯಮ್ಮನವರ ಜ್ವರ ಇಳಿದು ಐದು ದಿನವಾಗಿದೆ. ನಿನ್ನೆಯ ಪರೀಕ್ಷೆಯಲ್ಲಿ ಸೋಂಕಿಲ್ಲ. ಉಳಿದ ಇಪ್ಪತ್ತೊಂದು ಮಂದಿಯಲ್ಲಿ ಇಂದೂ ಯಾರ ಮೈಯೂ ಬಿಸಿಯಿಲ್ಲ. ಹತ್ತು ಗಂಟೆಗೆ ಮೇಲ್ವಿಚಾರಕಿ ಜ್ವರದ ಪಟ್ಟಿ ನೋಡಿ ಹೇಳುತ್ತಾರೆ: ಬಾಗಿಲು ತೆರೆದೇ ಇರಲಿ.

ಮಧ್ಯಾಹ್ನ ಕಾರಿಡಾರಿನ ತುಂಬ ರೇಷ್ಮೆಯ ಸರಸರ. "ಹೌ ಡು ಐ ಲುಕ್, ಅಜ್ಜಿ?" ತಾಯಮ್ಮ ಸೆರಗು ಹಿಡಿದು ನೋಡುತ್ತಾರೆ. "ಜರಿ ಇನ್ನೊಂದಿಷ್ಟು ಇರಬೇಕಿತ್ತು" ಎನ್ನುತ್ತಾರೆ. ಸೆರಗು ಮಾತ್ರ ಬಿಡುವುದಿಲ್ಲ. ಅಕ್ಕಪಕ್ಕದ ಕೋಣೆಗಳವರೆಲ್ಲ ಗಾಲಿಕುರ್ಚಿಯಲ್ಲಿ ಬಂದು ಮದುಮಗಳಿಗೆ ಚಪ್ಪಾಳೆ ತಟ್ಟುತ್ತಾರೆ.

ಇನ್ನೇನು ಬೇಕು ಎಂದು ಕೇಳಿದರೆ ಜಯದೇವಿ ಕೈ ಒರೆಸಿಕೊಳ್ಳುತ್ತ ನಗುತ್ತಾರೆ. "ಯುಗಾದಿಗೆ ಇವರಿಗೆಲ್ಲಾ ಬೇವು-ಬೆಲ್ಲ ತಿನಸೋದೈತ್ರಿ. ಇಪ್ಪತ್ತೆರಡೂ ಮಂದಿಗೆ. ಮುಖ ಕಿವಿಚಿ ನನ್ನ ಬೈಲಿ, ನಡೀತೈತಿ."