ಮೇಷ್ಟ್ರ ಗರಗಸದ ಕೋಣೆ

ಮೇಷ್ಟ್ರ ತುಟಿ ಯಾವಾಗಲೂ ಬಿಸಿ ಕಾಫಿ ಊದುವವರ ಹಾಗೆ ಮುಂದಕ್ಕೆ ಚಾಚಿಕೊಂಡಿರುತ್ತಿತ್ತು. ಮಾತಾಡುವಾಗಲೂ ಅಷ್ಟೇ, ಫೋಟೋಗೆ ನಿಂತಾಗಲೂ ಅಷ್ಟೇ. ಕೈಗರಗಸದ ಕಾಲದಿಂದಲೂ ಹಲಗೆಯ ಮೇಲಿನ ಪೆನ್ಸಿಲ್ ಗೆರೆ ಕಾಣಲಿ ಅಂತ ಮರದ ಪುಡಿ ಊದಿ ಊದಿ ಮುಖವೇ ಹಾಗೆ ನಿಂತುಬಿಟ್ಟಿತ್ತು. ಮೊದಲ ಸಲ ನೋಡಿದಾಗ, ಇದೇನಪ್ಪ, ಈ ಮನುಷ್ಯ ನನ್ನ ಮೇಲೆ ಮುನಿಸಿಕೊಂಡಿದ್ದಾರಾ ಅಂದುಕೊಂಡಿದ್ದೆ.

ತ್ಯಾಗರಾಜನಗರದಲ್ಲಿ ನಮ್ಮ ಬೀದಿಯಲ್ಲೇ ಅವರ ಮನೆ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ರಿಟೈರಾದವರು. ತೊಂಬತ್ತರ ದಶಕದಲ್ಲಿ, ಮುಚ್ಚಿಹೋದ ಯಾವುದೋ ಆಟಿಕೆ ಕಾರ್ಖಾನೆಯಿಂದ ಹಳೆಯ ಸ್ಕ್ರೋಲ್ ಸಾ ಒಂದನ್ನು ತಂದು ಬೀದಿ ಕಡೆಯ ಕೋಣೆಯಲ್ಲಿ ಇಟ್ಟರು. ಹೊಲಿಗೆ ಮಷೀನಿನ ಸೂಜಿಯ ಹಾಗೆ ಮೇಲೆ ಕೆಳಗೆ ಓಡುವ, ದಾರದಷ್ಟು ಸಣ್ಣ ಗರಗಸ ಅದು. ಹಲಗೆಯನ್ನು ನಿಧಾನಕ್ಕೆ ತಿರುಗಿಸುತ್ತ ಹೋದರೆ ಬಳ್ಳಿ, ನವಿಲು, ಬಾಗಿಲಿನ ತೋರಣ, ಏನು ಬೇಕಾದರೂ ಕೊರೆಯಬಹುದು. ವಿಮಾ ಆಫೀಸಿನಲ್ಲಿ ಫೈಲು ತಿರುವಿ ತಿರುವಿ ತಲೆಕೆಟ್ಟಿದ್ದ ನಾನು ಒಂದು ಭಾನುವಾರ ಸುಮ್ಮನೆ ನೋಡೋಣ ಅಂತ ಒಳಗೆ ಹೋದವಳು, ಆ ಚಟ ಹತ್ತಿಸಿಕೊಂಡೇ ಹೊರಗೆ ಬಂದೆ. ಸ್ವಲ್ಪ ದಿನಕ್ಕೆ ನಮ್ಮನೆಗೂ ಒಂದು ಮಷೀನು ಬಂತು.

ಅಲ್ಲಿ ಪ್ರತಿ ಭಾನುವಾರ ಸೇರುತ್ತಿದ್ದವರು ಒಳ್ಳೇ ಜನ. ಚಾಮರಾಜಪೇಟೆಯ ಔಷಧಿ ಅಂಗಡಿಯವರು, ನಗರ್ತಪೇಟೆಯಿಂದ ಎಲ್ಲರಿಗೂ ಬ್ಲೇಡು ತರುತ್ತಿದ್ದ ವ್ಯಾಪಾರಿ, ಇನ್ನೂ ನಾಲ್ಕೈದು ಮಂದಿ. ಹೆಂಗಸು ಅಂತ ನಾನೊಬ್ಬಳೇ. ಕೊರೆದು ತಂದದ್ದನ್ನು ಜಮಖಾನದ ಮೇಲೆ ಹರಡಬೇಕು. ಮೇಷ್ಟ್ರ ಕಟ್ಟಳೆ ಏನಂದರೆ ಮೊದಲು ತಪ್ಪು ಹೇಳಬೇಕು, ಆಮೇಲೆ ಚೆನ್ನಾಗಿದೆ ಅನ್ನಬೇಕು, ಅದಾದ ಮೇಲೇ ಉಪ್ಪಿಟ್ಟು. ನನ್ನ ಮೊದಲ ನವಿಲನ್ನು ಕೋಳಿ ಅಂದು ಎಲ್ಲರೂ ನಕ್ಕಿದ್ದರು. ಅವಸರ ಮಾಡಿದವರಿಗೆಲ್ಲ ಅವರು ಹೇಳುತ್ತಿದ್ದದ್ದು ಒಂದೇ ಮಾತು: "ತಳ್ಬೇಡಿ, ಬ್ಲೇಡು ಕರ್ಕೊಂಡ್ಹೋಗತ್ತೆ, ಸುಮ್ನೆ ಹೋಗಿ."

ಅವರ ಹೆಂಡತಿಯನ್ನು ನಾನು ಆಂಟಿ ಅನ್ನುತ್ತಿದ್ದೆ. ಮೇಷ್ಟ್ರು ಕೊರೆಯುವಾಗ ಆಕೆ ಎದುರಿಗೇ ಮಣೆ ಹಾಕಿಕೊಂಡು ಕೂತು, ಉಪ್ಪುಕಾಗದ ಹಿಡಿದು ಅಂಚುಗಳನ್ನು ನುಣುಪು ಮಾಡುತ್ತಿದ್ದರು. ಅವರು ಬರೀ ತೂತು ಮಾಡ್ತಾರೆ, ಮರ್ಯಾದೆ ಉಳಿಸೋದು ನಾನು ಅಂತ ಛೇಡಿಸುತ್ತಿದ್ದರು. ಎಂಥ ಜೋಡಿ ಅಂತೀರಿ! ನೋಡಿದರೆ ಹೊಟ್ಟೆಕಿಚ್ಚಾಗುತ್ತಿತ್ತು.

ಒಂದು ವರ್ಷ ಪಕ್ಕದ ಮನೆ ಹುಡುಗಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ಅವಳ ತಾಯಿ ಬಂದು, ಮಷೀನಿನ ಸದ್ದಿಗೆ ಓದಲಿಕ್ಕಾಗುತ್ತಿಲ್ಲ ಅಂತ ಬಹಳ ಸಂಕೋಚದಿಂದ ಹೇಳಿದರು. ಜನ್ಮವಿಡೀ ಪರೀಕ್ಷೆ ನಡೆಸಿದ ಮೇಷ್ಟ್ರಿಗೆ ಅಷ್ಟು ಸಾಕಾಯಿತು. ಅವತ್ತೇ ಕಿಟಕಿ ಮುಚ್ಚಿ, ಸಂದಿಗೆಲ್ಲ ಹಳೇ ಕೌದಿ ತುರುಕಿದರು. ಆ ಹುಡುಗಿ ಪಾಸಾಗಿ ಕಾಲೇಜಿಗೆ ಹೋದಳು. ಮರುವರ್ಷ ಅವಳ ತಮ್ಮನದು, ಆಮೇಲೆ ಹಿಂದಿನ ಮನೆಯವರ ಮಗನದು. ನಮ್ಮ ಬೀದಿಯಲ್ಲಿ ಪರೀಕ್ಷೆಗೇನು ಬರ. ಕೌದಿ ಅಲ್ಲೇ ಉಳಿಯಿತು. ಭಾನುವಾರ ನಾವೂ ಅದೇ ಕೋಣೆಯಲ್ಲಿ ಕೂತು, ಮೂಗೊರೆಸಿಕೊಂಡು, ಉಪ್ಪಿಟ್ಟು ತಿಂದು ಬರುತ್ತಿದ್ದೆವು.

ಆಂಟಿಗೆ ಕೆಮ್ಮು ಶುರುವಾಯಿತು. ಬೆಂಗಳೂರಿನಲ್ಲಿ ಯಾರಿಗೆ ಕೆಮ್ಮಿಲ್ಲ ಹೇಳಿ. ಎಲ್ಲರೂ ಪಾರ್ಥೇನಿಯಂ ಗಿಡದ ಮೇಲೆ ತಪ್ಪು ಹೊರಿಸಿದೆವು. ಪಕ್ಕದ ಖಾಲಿ ಸೈಟಿನ ತುಂಬ ಅದೇ ಕಳೆ ಬೆಳೆದಿತ್ತು. ಮೇಷ್ಟ್ರು ಆ ವಯಸ್ಸಿನಲ್ಲಿ ಪಂಚೆ ಎತ್ತಿಕಟ್ಟಿ, ಕೈಗೆ ಪ್ಲಾಸ್ಟಿಕ್ ಕವರು ಸುತ್ತಿಕೊಂಡು, ಒಂದೊಂದೇ ಗಿಡ ಬುಡಸಮೇತ ಕಿತ್ತು ಸೈಟನ್ನು ಅಂಗೈಯಷ್ಟು ನುಣ್ಣಗೆ ಮಾಡಿದರು. ಕೈ ತೊಳೆದು ಒಳಗೆ ಬಂದು, ಬಾಗಿಲು ಹಾಕಿ, ಮಷೀನು ಹಚ್ಚಿದರು. ಆಂಟಿ ಎದುರಿಗೆ ಬಂದು ಕೂತರು.

ಮೆಟ್ಟಿಲು ಹತ್ತಲೂ ಉಸಿರು ಸಾಲದ ಹಾಗಾದಾಗ ಎದೆ ಡಾಕ್ಟರ ಹತ್ತಿರ ಹೋದೆವು. ಜೊತೆಗೆ ನಾನೂ ಇದ್ದೆ. ಮೇಷ್ಟ್ರು ಡಾಕ್ಟರಿಗೆ ಕೊಡಲು ಬೀಟೆ ಮರದ ಜಿಂಕೆ ಒಂದನ್ನು ಕೊರೆದು ತಂದಿದ್ದರು. ಡಾಕ್ಟರು ಆಂಟಿಯ ಎದೆ, ಬೆನ್ನು ಎಲ್ಲ ನೋಡಿ ಮುಗಿಸಿ, ಮೇಷ್ಟ್ರ ಕಡೆ ತಿರುಗಿದರು.

"ನಿಮ್ಮ ಹುಬ್ಬಲ್ಲೇನು ಅದು, ಪುಡಿ?"

ಮೇಷ್ಟ್ರ ಮುಖ ಅರಳಿತು. ತಮ್ಮ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ಸಾಕು ಅವರಿಗೆ. ಬೀಟೆ ಹೇಗೆ ಕೊರೆಯಬೇಕು, ಪ್ಲೈವುಡ್ಡು ಹೇಗೆ, ಅಕ್ಕಪಕ್ಕದ ಮಕ್ಕಳಿಗೆ ತೊಂದರೆಯಾಗದಂತೆ ಕಿಟಕಿಯನ್ನು ಹೇಗೆ ಭದ್ರ ಮಾಡಿದ್ದೇನೆ ಅನ್ನುವವರೆಗೆ ಉತ್ಸಾಹದಿಂದ ಹೇಳುತ್ತ ಬಂದವರು ಅಲ್ಲಿಗೆ ನಿಂತರು. ಡಾಕ್ಟರು ಇನ್ನೂ ಏನೂ ಅಂದಿರಲಿಲ್ಲ. ಅನ್ನಬೇಕಾಗಲೂ ಇಲ್ಲ. ಕೊಡಲು ತಂದ ಜಿಂಕೆಯನ್ನು ಮತ್ತೆ ಚೀಲದೊಳಗೆ ಇಟ್ಟುಕೊಂಡರು.

ಕೌದಿ ಕಿತ್ತರು, ಮಷೀನಿನ ವೈರು ಕತ್ತರಿಸಿದರು, ಕೋಣೆ ತೊಳೆದರು. ಆದರೆ ಮರದ ಪುಡಿ ಸೇರಿ ಸೇರಿ ಗಟ್ಟಿಯಾದ ಶ್ವಾಸಕೋಶ ಮತ್ತೆ ಮೆತ್ತಗಾಗುವುದಿಲ್ಲವಂತೆ. ಆಂಟಿ ಒಂದೂವರೆ ವರ್ಷ ಆಕ್ಸಿಜನ್ ಸಿಲಿಂಡರಿನ ಪಕ್ಕ ಬದುಕಿದರು. ಒಮ್ಮೆಯೂ ಗಂಡನನ್ನು ದೂರಲಿಲ್ಲ. ದೂರಿದ್ದರೇ ಮೇಷ್ಟ್ರಿಗೆ ಹಗುರಾಗುತ್ತಿತ್ತೇನೋ.

ವೈಕುಂಠ ಸಮಾರಾಧನೆಯ ದಿನ ನಮ್ಮ ಭಾನುವಾರದವರೆಲ್ಲ ಸೇರಿ ಆಂಟಿಯ ಫೋಟೋಗೆ ಒಂದು ಫ್ರೇಮು ಕೊರೆದು ತಂದಿದ್ದರು. ಮಲ್ಲಿಗೆ ಬಳ್ಳಿ, ಬಹಳ ನಾಜೂಕು ಕೆಲಸ. ಮೇಷ್ಟ್ರು ಅದನ್ನು ಮೂಗಿನ ಹತ್ತಿರ ಹಿಡಿದು, ಎಲ್ಲಿ ಕೊರೆದಿರಿ ಅಂತ ಕೇಳಿದರು. ನಮ್ಮನೆ ರೂಮಲ್ಲೇ ಅಂದರು ಔಷಧಿ ಅಂಗಡಿಯವರು.

"ಕಿಟಕಿ ತೆಗ್ದಿದ್ರಾ?"



ಆ ವಾರದಿಂದ ಮೇಷ್ಟ್ರು ಒಬ್ಬೊಬ್ಬರ ಮನೆಗೂ ಹೋದರು. ಹೋಗಿ ಕೋಣೆ ನೋಡಿ, ಆ ಮನೆಯ ಹೆಂಗಸರು ಮಕ್ಕಳನ್ನೆಲ್ಲ ಕರೆಸಿ, ಅವರ ಮುಂದೆಯೇ ಹೇಳುತ್ತಿದ್ದರು: "ನನ್ನ ಹೆಂಡ್ತೀನ ನಾನೇ ಕೊಂದೆ. ಮಷೀನಲ್ಲ, ನಾನು. ನೀವು ಹೊರಗಿಟ್ಕೊಂಡು ಕೊರೀರಿ." ಕೆಲವರಿಗೆ ಮುಜುಗರವಾಯಿತು. ದುಃಖಕ್ಕೆ ತಲೆ ಕೆಟ್ಟಿದೆ ಅಂದವರೂ ಉಂಟು. ನಮ್ಮನೆಗೆ ಬಂದಾಗ ನನಗೂ ಸಿಟ್ಟು ಬಂತು, ಇದೇನು ಮಗಳ ಮುಂದೆ ಕೊಲೆ ಗಿಲೆ ಅಂತ. ಅವರು ನನ್ನ ಸಿಟ್ಟಿಗೆ ಸೊಪ್ಪು ಹಾಕದೆ, ನನ್ನ ಗಂಡನ ಕೈಲೂ ಹಿಡಿಸಿ ಮಷೀನನ್ನು ಮಹಡಿಯ ಮೇಲಿನ ತಗಡಿನ ಚಪ್ಪರಕ್ಕೆ ಸಾಗಿಸಿಯೇ ಕಾಫಿ ಕುಡಿದದ್ದು. ಮಗಳು ಆಗ ಆರು ತಿಂಗಳಿಂದ ಕೆಮ್ಮುತ್ತಿದ್ದಳು. ನಾನು ಕೊರೆಯುವ ಕೋಣೆಯಲ್ಲೇ ಅವಳ ಹಾಸಿಗೆ ಇತ್ತು.

ಎರಡು ತಿಂಗಳಿಗೆ ಅವಳ ಕೆಮ್ಮು ನಿಂತಿತು. ಅವಳ ಉಸಿರು ಉಳಿದದ್ದು ಅವರಿಂದ. ಇದನ್ನು ತೀರಿಸುವುದು ಹೇಗೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಮರುವರ್ಷ ಮೇಷ್ಟ್ರೂ ಅದೇ ಕೆಮ್ಮಿನಲ್ಲಿ ಹೋದರು.

ಮಗಳು ಚೆನ್ನಾಗಿದ್ದಾಳೆ ಅಂತ ಹೇಳಲು, ಅವಳ ಕೆಮ್ಮು ನಿಂತ ಹೊಸತರಲ್ಲೇ ಮೇಷ್ಟ್ರ ಹತ್ತಿರ ಓಡಿಕೊಂಡು ಹೋಗಿದ್ದೆ. ಖಾಲಿ ಕೋಣೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಳ್ಳೇದಾಯ್ತು ಅಂದರು. ಆಮೇಲೆ ಯಾವ ಆಪಾದನೆಯೂ ಇಲ್ಲದ ದನಿಯಲ್ಲಿ, ನಿಜಕ್ಕೂ ಅರ್ಥವಾಗದೆ ಕೇಳುವವರ ಹಾಗೆ ಕೇಳಿದರು:

"ಇಲ್ಲಿಗೂ ಅಷ್ಟೊಂದು ಜನ ಬರ್ತಿದ್ರಲ್ಲಮ್ಮ. ಕಿಟಕಿ ತೆಗೀರಿ ಅನ್ನೋಕೆ ಒಬ್ರಿಗೂ ತೋಚ್ಲಿಲ್ವಾ?"