ಕಮಾನಿನಡಿ ನಿಂತ ಗೌಂಡಿ

ಎಂಬತ್ತರ ದಶಕದ ಆರಂಭದಲ್ಲಿ ಮಾನ್ವಿಯ ನಮ್ಮ ಚರ್ಚನ್ನು ಕಟ್ಟಿದ ಗೌಂಡಿ ರಾಯಚೂರಿನ ಮುಸಲ್ಮಾನ. ಪಾದ್ರಿಗಳು ಪರದೇಶದ ದೊಡ್ಡ ಚರ್ಚೊಂದರ ಚಿತ್ರ ತೋರಿಸಿದಾಗ ಅದರ ಚೂಪು ಕಮಾನಿನ ಮೇಲೆ ಬೆರಳಾಡಿಸಿ, "ಇಂಥಾದ್ದು ನಮ್ಮ ದರ್ಗಾದಾಗೂ ಅದ ಬರ್ರಿ, ತೋರಸ್ತೀನಿ" ಎಂದು ನಕ್ಕಿದ್ದ.

ಕಮಾನಿನ ಗಾರೆ ಒಣಗಿದ ಮೇಲೆ ಕೆಳಗಿನ ಮರದ ಆಸರೆ ಬಿಚ್ಚಬೇಕಲ್ಲ, ಆಗ ಆತ ಕೂಲಿಯವರನ್ನೆಲ್ಲ ದೂರ ಕಳಿಸುತ್ತಿದ್ದ. ಕೊನೆಯ ಮರವನ್ನು ತಾನೇ ಕಿತ್ತು, ಅಲ್ಲೇ ಅದರಡಿ ನಿಲ್ಲುತ್ತಿದ್ದ. "ಬಿದ್ರ ಮೊದ್ಲು ನನ್ನ ಮ್ಯಾಲ ಬೀಳ್ಲಿ" ಎನ್ನುತ್ತಿದ್ದ. ಕಿಟಕಿಯ ಕಮಾನುಗಳೆಲ್ಲ ಹಾಗೇ ನಿಂತವು. ಪ್ರತಿ ಸಲವೂ ಹೆಗಲ ಧೂಳು ಕೊಡವಿಕೊಂಡು ಹೊರಬಂದು, "ಚಾ ತರ್ರಿ ಮಾಸ್ತರ" ಎಂದು, ಶಾಲೆಯ ಮಾಸ್ತರನಾಗಿದ್ದು ಕೆಲಸದ ಉಸ್ತುವಾರಿ ನೋಡುತ್ತಿದ್ದ ನನ್ನನ್ನು ಕೂಗುತ್ತಿದ್ದ.

ದೊಡ್ಡ ಬಾಗಿಲ ಕಮಾನು ಮುಗಿಯುವ ಹೊತ್ತಿಗೆ ಆತನ ಒಬ್ಬನೇ ಮಗ ಕಾಮಾಲೆಯಾಗಿ ತೀರಿಕೊಂಡ. ಮಣ್ಣು ಮಾಡಿ, ಕೆಲವು ದಿನ ಮನೆಯಲ್ಲಿದ್ದು ಬಂದವನು ಎಂದಿನಂತೆ ಕೂಲಿಯವರನ್ನು ದೂರ ಕಳಿಸಿ, ಕೊನೆಯ ಮರ ಕಿತ್ತು ಅದರಡಿ ನಿಂತ. ಒಂದಿಷ್ಟು ಧೂಳು ಉದುರಿತು. ಕಮಾನು ನಿಂತಿತು. ನಾವು ಚಪ್ಪಾಳೆ ತಟ್ಟಿದೆವು.

ಆತ ಹೊರಬರಲಿಲ್ಲ. ಕತ್ತೆತ್ತಿ ನೋಡುತ್ತಲೇ ಇದ್ದ.

"ಬರ್ರಿ ಚಾಚಾ, ಚಾ ಆರಾಕತ್ತದ" ಎಂದೆ.

"ಇದೂ ಬೀಳಲಿಲ್ರೀ ಮಾಸ್ತರ" ಎಂದ.